ಚಕ್ರದ ಲೆಕ್ಕ, ನೆಲದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



"ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯಪ್ಪ?" ಎಂದು ಬೆಳಿಗ್ಗೆಯಿಂದ ಹಲವರು ಕೇಳಿದಿರಿ. ಕಟ್ಟಡದ ಒಳಗೆ ತಾವಾಗಿಯೇ ಓಡಾಡುವ ಗಾಡಿಗಳನ್ನು, ಅಂದರೆ ರೋಬೋಟುಗಳನ್ನು, ಮಾಡುವ ಕೆಲಸ ನನ್ನದು. ಅವಕ್ಕೆ ದಾರಿ ಹೇಗೆ ತಿಳಿಯುತ್ತದೆ ಎಂಬುದನ್ನು ಇವತ್ತು ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ.

ನಾವು ಎಂಟನೇ ತರಗತಿಯಲ್ಲಿದ್ದಾಗ ಗಣಿತದ ಮೇಷ್ಟ್ರು ಈ ಮೈದಾನವನ್ನು ಸೈಕಲ್ಲಿನಿಂದ ಅಳೆಸಿದ್ದರು. ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಸೈಕಲ್ ತಳ್ಳಿಕೊಂಡು ಹೋಗುತ್ತಾ ಸುತ್ತು ಎಣಿಸುವುದು. ಒಂದು ಸುತ್ತಿಗೆ ಸುಮಾರು 2.2 ಮೀಟರ್. ರೋಬೋಟ್ ಮಾಡುವುದೂ ಇದನ್ನೇ. ಎರಡು ಚಕ್ರಗಳ ಸುತ್ತು ಎಣಿಸಿ, ಎಷ್ಟು ದೂರ ಬಂದೆ, ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ. ಬಯಲಿನಲ್ಲಾದರೆ ಜಿಪಿಎಸ್ ಇದೆ. ಛಾವಣಿಯ ಕೆಳಗೆ ಅದನ್ನು ನಂಬುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಔಷಧಿ ಒಯ್ಯುವ ನಮ್ಮ ಗಾಡಿಯ ಪರೀಕ್ಷೆ ನಡೆದಿತ್ತು. ಉದ್ದನೆಯ ವರಾಂಡ ದಾಟಿ ಬಾಗಿಲೊಳಗೆ ಹೋಗಬೇಕಾದದ್ದು ಚೌಕಟ್ಟಿಗೆ ಹೊಡೆಯಿತು. ಬಾಟಲಿಗಳು ಒಡೆದವು. ಆಗತಾನೆ ನೆಲ ಒರೆಸಿದ್ದ ಹೆಂಗಸನ್ನು ಮೇಲ್ವಿಚಾರಕರು ಎಲ್ಲರೆದುರು ಬೈದರು. "ಒರೆಸು ಅಂದ ಹೊತ್ತಿಗೇ ಒರೆಸಿದೀನಿ ಸಾರ್" ಎಂದಷ್ಟೇ ಆಕೆ ಹೇಳಿದ್ದು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ರಾತ್ರಿ ಕುಳಿತು ಗಾಡಿಯ ದಾಖಲೆ ನೋಡಿದೆ. ಒದ್ದೆ ನೆಲದಲ್ಲಿ ಒಂದು ಚಕ್ರ ಜಾರಿತ್ತು. ಚಕ್ರ ತಿರುಗಿದಷ್ಟು ಗಾಡಿ ಸಾಗಿರಲಿಲ್ಲ. ದಿಕ್ಕು ಒಂದೇ ಡಿಗ್ರಿ ತಪ್ಪಿದರೂ 20 ಮೀಟರ್ ಹೋಗುವಷ್ಟರಲ್ಲಿ 35 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ. ಆಸ್ಪತ್ರೆ ಅಂದಮೇಲೆ ನೆಲ ಒರೆಸಿಯೇ ಒರೆಸುತ್ತಾರೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಪ್ಪು ನಮ್ಮದು. ಮರುದಿನ ಹಾಗೆಂದು ಬರೆದುಕೊಟ್ಟು, ಆಕೆಯ ಬಳಿಯೂ ಹೋಗಿ ಕ್ಷಮೆ ಕೇಳಿದೆ. "ನಿನ್ನೇನೇ ಹೇಳಿದ್ದಿದ್ರೆ ಚೆನ್ನಾಗಿರೋದು ಸಾರ್" ಅಂದರು.

ಆಮೇಲೆ ಗಾಡಿಯ ಅಡಿಯಲ್ಲಿ ನೆಲವನ್ನೇ ನೋಡುವ ಕಣ್ಣು ಇಟ್ಟೆವು. ಅಂಥ ಕಣ್ಣು ನಮ್ಮ ನಿಮ್ಮ ಕಂಪ್ಯೂಟರ್ ಮೌಸಿನಲ್ಲೂ ಇದೆ. ಮೊದಲು ಮೌಸಿನೊಳಗೆ ಗುಂಡೊಂದು ಉರುಳುತ್ತಿತ್ತು. ಸಾಮಾನ್ಯ ಮೇಜಿನ ಮೇಲೆಯೇ ನಡೆಯುವ ಬೆಳಕಿನ ಮೌಸನ್ನು ಮೈಕ್ರೋಸಾಫ್ಟ್ 1999ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಪುಟ್ಟ ದೀಪ ಓರೆಯಾಗಿ ಬೆಳಕು ಬಿಡುತ್ತದೆ. ಮೇಜಿನ ಸಣ್ಣ ಸಣ್ಣ ಉಬ್ಬುತಗ್ಗುಗಳ ನೆರಳು ಬೀಳುತ್ತದೆ. ಅಂಥ ಒಂದು ಹಳೆಯ ಚಿಪ್ 18 ಸಾಲು, ಸಾಲಿಗೆ 18ರಂತೆ ಬರೀ 324 ಚುಕ್ಕಿಗಳ ಚಿತ್ರ ತೆಗೆಯುತ್ತದೆ. ಆದರೆ ಸೆಕೆಂಡಿಗೆ 1,500 ಚಿತ್ರ. ಒಂದು ಚಿತ್ರದಿಂದ ಮುಂದಿನದಕ್ಕೆ ನೆರಳು ಎಷ್ಟು ಸರಿದಿದೆ ನೋಡಿದರೆ ಚಲಿಸಿದ ದೂರ ಸಿಕ್ಕಿತು. ಚಕ್ರ ಜಾರಿದರೂ ಈ ಲೆಕ್ಕ ಕೆಡುವುದಿಲ್ಲ.

ಗಾಡಿ ತಿರುಗಿದ್ದು ತಿಳಿಯಬೇಕಾದರೆ ಇಂಥ ಎರಡು ಕಣ್ಣು ಬೇಕು. ಕಣದಲ್ಲಿ ಎತ್ತು ಕಟ್ಟಿ ತುಳಿಸುವಾಗ ಮೇಟಿಯ ಪಕ್ಕದ ಎತ್ತು ಕಡಿಮೆ ನಡೆಯುತ್ತದೆ, ಹೊರಗಿನದು ಹೆಚ್ಚು ನಡೆಯುತ್ತದೆ. ಎರಡೂ ಕಣ್ಣಿನ ಲೆಕ್ಕದ ವ್ಯತ್ಯಾಸದಿಂದ ತಿರುವು ಗೊತ್ತಾಗುತ್ತದೆ.

ತೊಂದರೆ ಇಲ್ಲೂ ಇದೆ. ಮೌಸಿನ ಮಸೂರ ಮೇಜಿನಿಂದ ಬರೀ 2.4 ಮಿಲಿಮೀಟರ್ ಮೇಲಿರುತ್ತದೆ. ಹೊಸಿಲು ದಾಟುವ ಗಾಡಿಗೆ ಅಷ್ಟು ಸಾಲದು. ಬೇರೆ ಮಸೂರ ಹಾಕಿ ಎತ್ತರಿಸಿದೆವು. ಆಗ ಸಾಮಾನು ಹೇರಿ ಗಾಡಿ ಸ್ವಲ್ಪ ತಗ್ಗಿದರೂ ಅಳತೆ ಹೆಚ್ಚಿತು. ಹತ್ತಿರದ್ದು ಬೇಗ ಸರಿದಂತೆ ಕಾಣುತ್ತದಲ್ಲ, ಹಾಗೆ. ಜೇನುನೊಣವೂ ಹೀಗೆಯೇ ಮೋಸಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ಸಂಶೋಧನೆ ಮಾಡಿದ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಚಿತ್ತಾರದ ಗೋಡೆಗಳ ಇಕ್ಕಟ್ಟಾದ ಸುರಂಗದಲ್ಲಿ ಕೆಲವೇ ಮೀಟರ್ ಹಾರಿದ ನೊಣಗಳು, ಗೂಡಿಗೆ ಬಂದು ಬಹಳ ದೂರ ಹೋಗಿಬಂದಂತೆ ಕುಣಿದು ತಿಳಿಸಿದವು.

ಕನ್ನಡಿಯಂತೆ ಹೊಳೆಯುವ ನೆಲದಲ್ಲಿ ನೆರಳೇ ಸಿಗದೆ ನಮ್ಮ ಕಣ್ಣೂ ಸೋಲುತ್ತದೆ. ಆದ್ದರಿಂದ ಚಕ್ರವನ್ನೂ ಇಟ್ಟುಕೊಂಡೆವು, ಕಣ್ಣನ್ನೂ ಇಟ್ಟುಕೊಂಡೆವು. ಎರಡರ ಲೆಕ್ಕ ತಾಳೆಯಾಗದಿದ್ದರೆ ಗಾಡಿ ನಿಲ್ಲಬೇಕು. ತಾಳೆಯಾದರೂ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ. ಅದಕ್ಕೆ ನೆಲದ ಮೇಲೆ ಅಲ್ಲಲ್ಲಿ ಗುರುತು ಅಂಟಿಸಿದೆವು. ಮೈಲಿಗಲ್ಲು ನೋಡಿದ ಹಾಗೆ, ಗಾಡಿ ಗುರುತು ಕಂಡಾಗಲೆಲ್ಲ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ.

ಅವತ್ತು ವರಾಂಡದಲ್ಲಿ ನಾನೂ ಹಾಗೆ ತಕ್ಷಣ ತಿದ್ದಿಕೊಳ್ಳಬೇಕಿತ್ತು. ಒಂದು ರಾತ್ರಿ ತಡವಾಯಿತು.

ಮಕ್ಕಳೇ, ನಿಮ್ಮ ಮೇಷ್ಟ್ರನ್ನು ಕೇಳಿಕೊಂಡು ಈ ಮೈದಾನವನ್ನು ಸೈಕಲ್ಲಿನಿಂದ ಒಮ್ಮೆ ಅಳೆಯಿರಿ. ಮಳೆ ಬಂದ ಮರುದಿನ ಕೆಸರಿನಲ್ಲಿ ಇನ್ನೊಮ್ಮೆ ಅಳೆಯಿರಿ. ಲೆಕ್ಕ ಬೇರೆ ಬಂದರೆ ಹೆದರಬೇಡಿ, ಅಳಿಸಬೇಡಿ. ಯಾಕೆ ಬಂತು ಎಂದು ಕೇಳಿ. ಇಂಜಿನಿಯರಿಂಗ್ ನನಗೆ ಶುರುವಾದದ್ದು ಅಲ್ಲಿಂದಲೇ.