ಮನೆಯ ಮಿತವ್ಯಯ ಮತ್ತು ಮನೆಯವರ ಸಮಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಬೆಳಗಿನ ಅವಧಿಯಲ್ಲಿ ತಾವು ಕ್ರಿಯಾ ಯೋಜನೆ, ತೆರಿಗೆ ವಸೂಲಾತಿ ಮುಂತಾದ ವಿಷಯಗಳನ್ನು ಆಲಿಸಿದ್ದೀರಿ. ಊಟದ ನಂತರದ ಈ ಅವಧಿಗೆ ನನಗೆ ವಹಿಸಿರುವ ವಿಷಯ ‘ಕುಟುಂಬದಲ್ಲಿ ಮಿತವ್ಯಯ’. ವಿಷಯವನ್ನು ಪ್ರಕಟಿಸಿದಾಗ ಹಿಂದಿನ ಸಾಲಿನಲ್ಲಿ ಕೆಲವರು ಮುಗುಳ್ನಕ್ಕಿದ್ದನ್ನು ಗಮನಿಸಿದೆ. ಮನೆಯ ಖರ್ಚಿನ ಮಾತು ಪಂಚಾಯಿತಿಯ ಸಭೆಗೆ ಏಕೆ ಎಂಬ ಅವರ ಸಂದೇಹ ಸಹಜವೇ. ಮೊದಲು ನನ್ನ ಮನೆಯ ಲೆಕ್ಕವನ್ನು ತಮ್ಮ ಮುಂದಿಟ್ಟು, ಬಳಿಕ ಪಂಚಾಯಿತಿಯ ಲೆಕ್ಕಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಅತ್ತೆ, ಮಾವ, ನನ್ನ ಯಜಮಾನರು, ಇಬ್ಬರು ಮಕ್ಕಳು ಮತ್ತು ನಾನು ಸೇರಿ ಆರು ಮಂದಿ. ಯಜಮಾನರು ಶಾಲಾ ಶಿಕ್ಷಕರು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಾಲ್ವರು ಮನೆ ಬಿಡಬೇಕು. 2024ರ ಮಳೆಗಾಲದಲ್ಲಿ ಅನುಕೂಲಕ್ಕೆಂದು ಗೀಸರ್ ಹಾಕಿಸಿದೆವು. ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆಯ ಸರಾಸರಿಗೆ ಶೇ. 10ರಷ್ಟು ಸೇರಿಸಿ ಅರ್ಹ ಪ್ರಮಾಣವನ್ನು ನಿಗದಿಪಡಿಸಿರುವುದು ತಮಗೆ ತಿಳಿದೇ ಇದೆ. ನಮ್ಮ ಅರ್ಹ ಪ್ರಮಾಣ 77 ಯೂನಿಟ್. ಗೀಸರ್ ಬಂದ ಮರುತಿಂಗಳು ಶೂನ್ಯ ಬಿಲ್ಲಿನ ಬದಲು ನಾಲ್ಕು ನೂರು ರೂಪಾಯಿ ಮೀರಿದ ಬಿಲ್ಲು ಕೈಗೆ ಬಂತು. ನಾನು ಇಂಜಿನಿಯರಿಂಗ್ ಓದಿದವಳು. ಪರಿಹಾರ ಸರಳವೆಂದು ತೋರಿತು. ಗೀಸರಿನ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದೆ. ಬಚ್ಚಲು ಮನೆಯ ಹಂಡೆ ಒಲೆ ಇದ್ದೇ ಇತ್ತು. ತೋಟದಲ್ಲಿ ತೆಂಗಿನ ಗರಿ, ಮಟ್ಟೆ, ಸಿಪ್ಪೆಗೆ ಕೊರತೆಯಿರಲಿಲ್ಲ. ಮುಂದಿನ ಎರಡು ತಿಂಗಳು ಬಿಲ್ಲು ಶೂನ್ಯವಾಯಿತು. ಕಚೇರಿಯ ಸಹೋದ್ಯೋಗಿಗಳಿಗೂ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಒಂದು ಭಾನುವಾರ ತಿಂಗಳ ಲೆಕ್ಕದ ಪುಸ್ತಕವನ್ನು ಅತ್ತೆಯವರ ಎದುರಿಗೆ ಓದುತ್ತಿದ್ದೆ. ಅವರು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು: “ಸೌದೆಗೆ ದುಡ್ಡಿಲ್ಲ ಅಂತ ಬರ್ಕೊಂಡೆ. ನನ್ನ ಬೆನ್ನನ್ನ ಯಾವ ಸಾಲಿನಲ್ಲಿ ಬರ್ಕೊಂಡಿದೀಯಮ್ಮ?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ. ತೋಟದಿಂದ ಮಟ್ಟೆ ಎಳೆದು ತರುವುದು, ಕಡಿದು ಒಣಹಾಕುವುದು, ಮಳೆ ಬಂದರೆ ಓಡಿ ಹೋಗಿ ಒಳಗೆಳೆಯುವುದು, ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಊದುವುದು, ಬೂದಿ ತೆಗೆಯುವುದು, ಎಲ್ಲ ಸೇರಿ ದಿನಕ್ಕೆ ಸರಾಸರಿ 100 ನಿಮಿಷ. ಅರವತ್ನಾಲ್ಕು ವರ್ಷದ ಹೆಂಗಸಿನ 100 ನಿಮಿಷ.

ಇನ್ನೊಂದು ಬದಿಯ ಲೆಕ್ಕವನ್ನೂ ಮಾಡಿದೆ. ಒಬ್ಬರಿಗೆ 15 ಲೀಟರಿನಂತೆ ಆರು ಮಂದಿಗೆ 90 ಲೀಟರ್ ನೀರು. ಅದರ ಉಷ್ಣತೆಯನ್ನು 20 ಡಿಗ್ರಿ ಸೆಲ್ಸಿಯಸ್ ಏರಿಸಲು 2.1 ಯೂನಿಟ್ ವಿದ್ಯುತ್ ಸಾಕು. ನಷ್ಟವಾಗುವ ಶಾಖವನ್ನೂ ಸೇರಿಸಿ ಎರಡೂವರೆ ಯೂನಿಟ್ ಎನ್ನೋಣ. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ ದಿನಕ್ಕೆ 15 ರೂಪಾಯಿ. ಉದ್ಯೋಗ ಖಾತರಿಯಲ್ಲಿ 2024-25ನೇ ಸಾಲಿಗೆ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ 100 ನಿಮಿಷಕ್ಕೆ 73 ರೂಪಾಯಿಯ ಸಮೀಪ ಬರುತ್ತದೆ. ಹದಿನೈದು ರೂಪಾಯಿ ಉಳಿಸಲು ಎಪ್ಪತ್ತಮೂರು ರೂಪಾಯಿಯ ಶ್ರಮವನ್ನು ನಾನು ವೆಚ್ಚ ಮಾಡಿಸಿದ್ದೆ. ಇಂಥ ಅಂದಾಜು ಪಟ್ಟಿಯನ್ನು ಪಂಚಾಯಿತಿಗೆ ಯಾರಾದರೂ ತಂದಿದ್ದರೆ ನಾನೇ ಆಕ್ಷೇಪಣೆ ಬರೆದು ಹಿಂದಿರುಗಿಸುತ್ತಿದ್ದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಾರೆ. ಅಂಥ ಕೆಲಸ ಮಾಡುವ ಪುರುಷರು ವ್ಯಯಿಸುವುದು 97 ನಿಮಿಷ. ಅದೂ ಮಾಡುವವರ ಸರಾಸರಿ. ಮಾಡದೇ ಇರುವ ಪುರುಷರೇ ಹೆಚ್ಚು. ಆದುದರಿಂದ ‘ಮನೆಯಲ್ಲೇ ಮಾಡಿಕೊಂಡರೆ ಉಳಿತಾಯ’ ಎಂದು ಯಾರಾದರೂ ಹೇಳಿದಾಗ, ಮಾಡುವವರು ಯಾರು ಎಂದು ಕೇಳುವುದನ್ನು ನಾನು ಈಗ ರೂಢಿ ಮಾಡಿಕೊಂಡಿದ್ದೇನೆ.

ಈಗ ನಮ್ಮ ಮನೆಯ ಏರ್ಪಾಡು ಹೀಗಿದೆ. ಶಾಲೆ, ಕಚೇರಿಯ ದಿನಗಳಲ್ಲಿ ಗೀಸರ್. ಅರ್ಹ ಪ್ರಮಾಣ ಮೀರಿದ್ದಕ್ಕೆ ಹಣ ಕಟ್ಟುತ್ತೇವೆ. ಭಾನುವಾರದ ಎಣ್ಣೆಸ್ನಾನಕ್ಕೆ ಹಂಡೆ. ಆ ದಿನ ಒಲೆಯ ಜವಾಬ್ದಾರಿ ಯಜಮಾನರದು. ಬೇಸಿಗೆಯಲ್ಲಿ ಮಾವನವರನ್ನು ಬಿಟ್ಟು ಉಳಿದವರಿಗೆ ತಣ್ಣೀರು. ಸೋಲಾರ್ ಹಾಕಿಸುವ ಆಲೋಚನೆಯೂ ಇದೆ. ಹೆಂಚಿನ ಮಾಡಾದ್ದರಿಂದ ಅದು ತಡವಾಗಿದೆ.

ಹಾಗೆಂದು ಅನುಕೂಲವೆಂದು ಬಂದದ್ದೆಲ್ಲವನ್ನೂ ಕೊಳ್ಳಬೇಕೆಂದು ನನ್ನ ಅಭಿಪ್ರಾಯವಲ್ಲ. ದೋಸೆಹಿಟ್ಟಿನ ಪೊಟ್ಟಣವನ್ನು ನಾವು ತರುವುದಿಲ್ಲ. ಶನಿವಾರ ಬೆಳಿಗ್ಗೆ ಅಕ್ಕಿ, ಉದ್ದು ನೆನೆಹಾಕಿ ಸಂಜೆ ಗ್ರೈಂಡರಿಗೆ ಹಾಕಿದರೆ ಮೂರು ದಿನದ ಹಿಟ್ಟು ಸಿದ್ಧ; ಯಂತ್ರ ತಿರುಗುವಾಗ ಯಾರೂ ಪಕ್ಕದಲ್ಲಿ ನಿಂತಿರಬೇಕಿಲ್ಲ. ಆದರೆ ಸಾರಿನಪುಡಿಯನ್ನು ಊರಿನ ಸ್ವಸಹಾಯ ಸಂಘದಿಂದಲೇ ಕೊಳ್ಳುತ್ತೇವೆ. ಮನೆಯಲ್ಲಿ ಹುರಿದು ಪುಡಿ ಮಾಡಿಸಿದರೆ ಸ್ವಲ್ಪ ಅಗ್ಗ, ನಿಜ. ಅರ್ಧ ದಿನ ಬೇಕು, ಅದೂ ನಿಜ. ಉತ್ತರ ಕರ್ನಾಟಕದ ಕಡೆ ಉದ್ಯೋಗಕ್ಕೆ ಹೋಗುವ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ಬಡಿದು ಮಾರುವ ಹೆಣ್ಣುಮಕ್ಕಳಿಂದಲೇ ಕೊಳ್ಳುವುದುಂಟು. ಒಬ್ಬರ ಅನುಕೂಲ ಇನ್ನೊಬ್ಬರ ಆದಾಯವಾಗುತ್ತದೆ, ಹಣವೂ ಊರಲ್ಲೇ ಉಳಿಯುತ್ತದೆ. ಐದು ರೂಪಾಯಿಯ ಕುರುಕಲು ತಿಂಡಿಯ ಪೊಟ್ಟಣದಿಂದ ಇವೆರಡೂ ಆಗುವುದಿಲ್ಲ. ಅದರ ಹೊಳೆಯುವ ಕವರು ಕೊನೆಗೆ ಸ್ವಚ್ಛವಾಹಿನಿಯ ಗಾಡಿಯಲ್ಲಿ ನಮ್ಮ ಘಟಕಕ್ಕೇ ಬರುತ್ತದೆ. ಗುಜರಿಯವರು ಅದನ್ನು ಮುಟ್ಟುವುದೂ ಇಲ್ಲ. ಮೂಲೆಯಲ್ಲಿ ಚೀಲಗಟ್ಟಲೆ ಬಿದ್ದಿರುವುದನ್ನು ತಾವೂ ಕಂಡಿದ್ದೀರಿ.

ಯಾರ ಬೆನ್ನನ್ನೂ ನೋಯಿಸದ ಉಳಿತಾಯಗಳೂ ಇವೆ. ಹಿತ್ತಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ರಾತ್ರಿ ಹತ್ತಕ್ಕೆ ಕೆಳಗಿಟ್ಟ ಹನ್ನೆರಡು ಲೀಟರಿನ ಬಿಂದಿಗೆ ಬೆಳಿಗ್ಗೆ ಆರಕ್ಕೆ ತುಂಬಿತ್ತು. ದಿನಕ್ಕೆ 36 ಲೀಟರ್ ಎಂದಾಯಿತು. ಜಲಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ ನಿಗದಿಪಡಿಸಿರುವ ಪ್ರಮಾಣ 55 ಲೀಟರ್. ವಾಷರ್ ಬದಲಿಸಲು ಹತ್ತು ನಿಮಿಷ ಹಿಡಿಯಿತು.

ನೀರಿನ ಮಾತು ಬಂದುದರಿಂದ ಪಂಚಾಯಿತಿಯ ಲೆಕ್ಕಕ್ಕೆ ಬರುತ್ತೇನೆ. ಹಿಂದೆ ನಾನು ಸೇವೆ ಸಲ್ಲಿಸಿದ ಒಂದು ಪಂಚಾಯಿತಿಯಲ್ಲಿ ಎರಡು ಗ್ರಾಮಗಳಿಗೆ ಒಬ್ಬರೇ ನೀರುಗಂಟಿ ಇದ್ದರು. ಇನ್ನೊಬ್ಬರನ್ನು ನೇಮಿಸಿಕೊಂಡರೆ ವೆಚ್ಚವೆಂದು, ಮೊದಲ ಗ್ರಾಮಕ್ಕೆ ಬೆಳಿಗ್ಗೆ ಎಂಟೂವರೆಗೆ, ಎರಡನೆಯದಕ್ಕೆ ಹತ್ತೂವರೆಗೆ ನೀರು ಬಿಡುವುದೆಂದು ಟಿಪ್ಪಣಿ ಮಂಡಿಸಿದವಳು ನಾನೇ. ಸಭೆ ಒಪ್ಪಿತು. ಉಳಿತಾಯವೂ ಆಯಿತು.

ಎರಡನೆಯ ಗ್ರಾಮದಲ್ಲಿ 140 ಮನೆಗಳು. ಹತ್ತೂವರೆಗೆ ನೀರು ಹಿಡಿಯಲು ಪ್ರತಿ ಮನೆಯಲ್ಲೂ ಒಬ್ಬರು ಇರಲೇಬೇಕು. ಕೂಲಿಗೆ ಹೋಗುವವರು ಅರ್ಧ ದಿನ ಬಿಟ್ಟರು. ಕೆಲವರು ಮಗಳನ್ನು ಶಾಲೆಗೆ ತಡವಾಗಿ ಕಳುಹಿಸಿದರು. ನಾಲ್ಕು ತಿಂಗಳ ನಂತರ ಆ ವಾರ್ಡಿನ ಮಹಿಳಾ ಸದಸ್ಯರೊಬ್ಬರು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು, “ಪಂಚಾಯ್ತಿಗೆ ಎಷ್ಟು ಉಳೀತು ಮೇಡಂ?” ಎಂದಷ್ಟೇ ಕೇಳಿದರು. ನಾನು ಮೊತ್ತವನ್ನು ಓದಿದೆ. ಓದುವಾಗಲೇ ಅತ್ತೆಯವರ ಪ್ರಶ್ನೆ ನೆನಪಾಯಿತು. ಮನೆಗೆ ಒಂದು ಗಂಟೆಯಂತೆ ಹಿಡಿದರೂ ದಿನಕ್ಕೆ 140 ಗಂಟೆ. ಅದು ನಮ್ಮ ಯಾವ ನಗದು ಪುಸ್ತಕದಲ್ಲಿಯೂ ಇರಲಿಲ್ಲ.

ನೀರುಗಂಟಿಯವರ ಕೆಲಸದ ವೇಳೆಯನ್ನು ಬೆಳಿಗ್ಗೆ ಐದೂವರೆಗೆ ಬದಲಿಸಲು ಹೊರಟೆವು. ಅವರು, “ನಮ್ಮನೆ ಕೆಲಸ ಯಾರು ನೋಡ್ಬೇಕು ಮೇಡಂ? ನನ್ನ ಹೆಂಡ್ತಿನೂ ಗಾರ್ಮೆಂಟ್ಸ್‌ಗೆ ಹೋಗ್ತಾಳೆ” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಎರಡು ಸಭೆಗಳ ಚರ್ಚೆಯ ಬಳಿಕ, ಎರಡನೆಯ ಗ್ರಾಮದಲ್ಲಿ ಟ್ಯಾಂಕಿನ ಪಕ್ಕದ ಮನೆಯವರಿಗೇ ವಾಲ್ವ್ ತಿರುಗಿಸುವ ಹೊಣೆಯನ್ನು ತಿಂಗಳ ಸಣ್ಣ ಗೌರವಧನದೊಂದಿಗೆ ವಹಿಸಲು ನಿರ್ಣಯವಾಯಿತು. ಆರರಿಂದ ಏಳರವರೆಗೆ ನೀರು. ನಾವು ಉಳಿಸಿದ್ದರಲ್ಲಿ ಒಂದು ಭಾಗ ಕೈಬಿಟ್ಟಿತು. ಲೆಕ್ಕಪರಿಶೋಧನೆಯಲ್ಲಿ ಆ ಗೌರವಧನದ ಬಗ್ಗೆ ಪ್ರಶ್ನೆ ಬಂದಾಗ ನಡಾವಳಿಯ ಪ್ರತಿಯೊಂದಿಗೆ ಉತ್ತರಿಸಿದೆ.

ಮಾನ್ಯ ಸದಸ್ಯರೇ, ತಮ್ಮಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು. ನೀರು ಬಿಡುವ ವೇಳೆ ಹೊಂದದಿದ್ದರೆ ಏನಾಗುತ್ತದೆ ಎಂಬುದನ್ನು ತಮಗೆ ನಾನು ವಿವರಿಸಬೇಕಿಲ್ಲ. ತಮ್ಮ ವಾರ್ಡಿನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಆ ಹೊತ್ತಿಗೆ ಮನೆಯಲ್ಲಿ ಯಾರು ಕಾದಿರುತ್ತಾರೆ, ನ್ಯಾಯಬೆಲೆ ಅಂಗಡಿಗೆ ಒಮ್ಮೆ ಹೋದರೆ ಎಷ್ಟು ಹೊತ್ತಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳ ಒಂದು ಹಾಳೆಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಲಾಗಿದೆ. ದಯವಿಟ್ಟು ತಮ್ಮ ವಾರ್ಡಿನ ಹತ್ತು ಮನೆಗಳಲ್ಲಿ ವಿಚಾರಿಸಿ ಭರ್ತಿ ಮಾಡಿ, ಮುಂದಿನ ಸಾಮಾನ್ಯ ಸಭೆಯಲ್ಲಿ ತಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ನೀಡಬೇಕಾಗಿ ಕೋರುತ್ತೇನೆ. ಪುರುಷ ಸದಸ್ಯರು ಮೊದಲನೆಯ ಹಾಳೆಯನ್ನು ತಮ್ಮ ಮನೆಯಿಂದಲೇ ಆರಂಭಿಸಬಹುದು.