ಇಲ್ಲದ ಜಾಗ ಹಂಚುವ ಮುನ್ನ ಇರುವ ಜಾಗ ಅಳೆಯಿರಿ
(ಕಂಪ್ಯೂಟರ್ ಕಾರ್ಯಾಗಾರವೊಂದರಲ್ಲಿ ಮಾಡಿದ ಭಾಷಣದ ಅಕ್ಷರರೂಪ)



ಒಂದೇ ಸೈಟನ್ನು ನಾಲ್ಕು ಜನಕ್ಕೆ ಮಾರಿದ ಖದೀಮರ ಕಥೆ ನಿಮಗೆ ಹೊಸದಲ್ಲ. ನಾಲ್ವರ ಕೈಯಲ್ಲೂ ಪತ್ರ ಇರುತ್ತದೆ. ಯಾರೂ ಮನೆ ಕಟ್ಟಲು ಹೋಗದಿದ್ದಷ್ಟು ದಿನ ನಾಲ್ವರೂ ಮಾಲೀಕರೇ! ಇಬ್ಬರು ಒಟ್ಟಿಗೆ ಪಾಯ ತೋಡಲು ಬಂದ ದಿನ ಬಂಡವಾಳ ಬಯಲು.

ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನು ಲೆಕ್ಕ ಇಟ್ಟು, ಪ್ರಾಮಾಣಿಕವಾಗಿ ಮಾಡುವ ವಿದ್ಯೆಯೊಂದಿದೆ. ಅದರ ಹೆಸರು ಥಿನ್ ಪ್ರಾವಿಷನಿಂಗ್. ಲಿನಕ್ಸ್ ಕರ್ನಲ್ಲಿಗೆ ಇದು ಬಂದದ್ದು 2012ರ ಜನವರಿಯಲ್ಲಿ, 3.2ನೇ ಆವೃತ್ತಿಯೊಂದಿಗೆ. ಇಂದು ಪ್ರಾಕ್ಸ್‌ಮಾಕ್ಸ್‌ನಂಥ ವ್ಯವಸ್ಥೆಗಳಲ್ಲಿ ನೀವು ಕೇಳದೆಯೇ ಇದು ಸಿಗುತ್ತದೆ. ಕೇಳದೆ ಸಿಕ್ಕಿದ್ದನ್ನು ಅರಿಯದೆ ಬಳಸುವುದೇ ಅಪಾಯ.

ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಒಂದೇ ಸರ್ವರ್ ಇದೆ ಎನ್ನಿ. ಅದರೊಳಗೆ ಎಂಟು ವರ್ಚುವಲ್ ಯಂತ್ರಗಳು. ಲೆಕ್ಕಪತ್ರ ಒಂದರಲ್ಲಿ, ಸದಸ್ಯರ ದಾಖಲೆ ಇನ್ನೊಂದರಲ್ಲಿ. ಪ್ರತಿಯೊಂದೂ 200 ಜಿಬಿ ಕೇಳುತ್ತದೆ. ಒಟ್ಟು 1600. ನಿಮ್ಮ ಡಿಸ್ಕ್ ಇರುವುದು 1000 ಜಿಬಿ! ಆದರೆ ಪ್ರತಿ ಯಂತ್ರ ನಿಜವಾಗಿ ತುಂಬಿರುವುದು ಬರೀ 40. ಅಂದರೆ ಒಟ್ಟು 320. ಉಳಿದದ್ದೆಲ್ಲ ಬೀಗ ಹಾಕಿದ ಖಾಲಿ ಕೋಣೆ. ಥಿನ್ ವಾಲ್ಯೂಮ್ ಬರೆದಷ್ಟಕ್ಕೆ ಮಾತ್ರ ಜಾಗ ಕೊಡುತ್ತದೆ.

ಮಾಡುವುದು ಹೇಗೆ? ಮೊದಲು ಪಿವಿಕ್ರಿಯೇಟ್ ಆಜ್ಞೆಯಿಂದ ಡಿಸ್ಕನ್ನು ಎಲ್‌ವಿಎಂಗೆ ಒಪ್ಪಿಸಿ. ನೆನಪಿರಲಿ, ಅದು ಖಾಲಿ ಡಿಸ್ಕ್ ಆಗಿರಬೇಕು. ವಿಜಿಕ್ರಿಯೇಟ್‌ನಿಂದ ವಾಲ್ಯೂಮ್ ಗ್ರೂಪ್ ಕಟ್ಟಿ. ಬಳಿಕ ಎಲ್‌ವಿಕ್ರಿಯೇಟ್‌ನಿಂದ 800 ಜಿಬಿಯ ಥಿನ್ ಪೂಲ್ ಮಾಡಿ. ಪೂರ್ತಿ 1000 ಸುರಿಯಬೇಡಿ! ಯಾವ ತುಂಡು ಯಾರದು ಎಂದು ಬರೆದಿಡುವ ಖಾತೆ ಪುಸ್ತಕಕ್ಕೆ ಮೆಟಾಡೇಟಾ ಎನ್ನುತ್ತಾರೆ. ಅದಕ್ಕೆ 2 ಜಿಬಿ ಕೊಡಿ. ರಿಪೇರಿಗೆಂದು ಅಷ್ಟೇ ಗಾತ್ರದ ಇನ್ನೊಂದನ್ನು ಎಲ್‌ವಿಎಂ ತಾನೇ ತೆಗೆದಿಡುತ್ತದೆ. ಇನ್ನು ಸುಮಾರು 196 ಜಿಬಿ ನಿಮ್ಮ ಆಪದ್ಧನ.

ಕೊನೆಗೆ ಅದೇ ಎಲ್‌ವಿಕ್ರಿಯೇಟ್‌ನಿಂದ ಎಂಟು ಥಿನ್ ವಾಲ್ಯೂಮ್. ಪೂಲ್ ಮಾಡುವಾಗ ಗಾತ್ರದ ಮುಂದೆ ದೊಡ್ಡ ಎಲ್ ಅಕ್ಷರ, ವಾಲ್ಯೂಮ್ ಮಾಡುವಾಗ ದೊಡ್ಡ ವಿ ಅಕ್ಷರ. ಎಲ್ ಎಂದರೆ ನಿಜವಾದ ಜಾಗ. ವಿ ಎಂದರೆ ಬರೀ ಮಾತು ಕೊಟ್ಟ ಜಾಗ.

ಕೊಟ್ಟ ಮಾತು ಮುರಿದರೆ ಏನಾಗುತ್ತದೆ? ಪೂಲ್ ತುಂಬಿದಾಗ ಹೊಸ ಜಾಗ ಬೇಡುವ ಬರಹಗಳು ಮಾಮೂಲಿನಂತೆ 60 ಸೆಕೆಂಡು ಕಾಯುತ್ತವೆ. ಆಮೇಲೆ ಸೋಲುತ್ತವೆ. ತಪ್ಪು ಮಾಡಿದ್ದು ಒಂದು ಯಂತ್ರ, ಶಿಕ್ಷೆ ಎಂಟಕ್ಕೂ! ಅದರದರ ಒಳಗೆ ನೋಡಿದರೆ ಜಾಗ ಬೇಕಾದಷ್ಟಿದೆ ಎಂದೇ ಕಾಣುತ್ತಿರುತ್ತದೆ. ಅರ್ಧ ಬರೆದ ಲೆಕ್ಕಪತ್ರ ಹಾಳಾಗಬಹುದು. ಮೆಟಾಡೇಟಾ ತುಂಬಿದರಂತೂ ಪೂಲನ್ನೇ ರಿಪೇರಿಗೆ ಕೂರಿಸಬೇಕಾಗುತ್ತದೆ.

ಇದನ್ನು ತಡೆಯಲು ಎಲ್‌ವಿಎಂನ ಕಾನ್ಫಿಗರೇಷನ್ ಕಡತದಲ್ಲಿ ಆಟೋಎಕ್ಸ್‌ಟೆಂಡ್ ಥ್ರೆಶೋಲ್ಡ್ ಎಂಬ ಸಾಲಿದೆ. ಅದರಲ್ಲಿ 100 ಎಂದಿದ್ದರೆ ಕಾವಲುಗಾರ ಮಲಗಿದ್ದಾನೆ ಎಂದೇ ಅರ್ಥ. ಅದನ್ನು 80 ಮಾಡಿ, ಹಿಗ್ಗುವ ಪ್ರಮಾಣ 20 ಮಾಡಿ. ಆಗ ಬಳಕೆ 640 ಜಿಬಿ ದಾಟಿದೊಡನೆ ಪೂಲ್ ತಾನೇ 160 ಬೆಳೆದು 960 ಆಗುತ್ತದೆ. ಮುಂದಿನ ಸಲ? 768 ದಾಟಿದಾಗ ಅದಕ್ಕೆ 192 ಬೇಕು. ಗ್ರೂಪಿನಲ್ಲಿ ಉಳಿದಿರುವುದು 36! ಕಾವಲುಗಾರ ಎಚ್ಚರವಾಗಿದ್ದರೂ ಕಣಜ ಖಾಲಿ. ಆದ್ದರಿಂದ ಮೊದಲ ಸಲ ಹಿಗ್ಗಿದ ದಿನವೇ ಹೊಸ ಡಿಸ್ಕಿಗೆ ಹಣ ಕೇಳಿ. ವಿಜಿಎಕ್ಸ್‌ಟೆಂಡ್ ಆಜ್ಞೆಯಿಂದ ಅದನ್ನು ಗ್ರೂಪಿಗೆ ಸೇರಿಸಿ.

ಇನ್ನೊಂದು ಮಾತು. ಯಂತ್ರದೊಳಗೆ ಕಡತ ಅಳಿಸಿದರೆ ಜಾಗ ತಾನಾಗಿ ಪೂಲಿಗೆ ವಾಪಸು ಬರುವುದಿಲ್ಲ. ಬಾಡಿಗೆದಾರ ಮನೆ ಬಿಟ್ಟರೂ ಬೀಗದ ಕೈ ಅವನ ಬಳಿಯೇ ಇದ್ದಂತೆ. ವರ್ಚುವಲ್ ಡಿಸ್ಕಿಗೆ ಡಿಸ್ಕಾರ್ಡ್ ಅನುಮತಿ ಕೊಡಿ. ಯಂತ್ರದೊಳಗೆ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ಓಡಿಸಿ. ಹಳೆಯ ಸ್ನ್ಯಾಪ್‌ಶಾಟ್ ಹಿಡಿದುಕೊಂಡ ಜಾಗ ಆಗಲೂ ಬರುವುದಿಲ್ಲ. ಕೆಲಸ ಮುಗಿದ ಸ್ನ್ಯಾಪ್‌ಶಾಟ್ ಅಳಿಸಿ.

ಸ್ನ್ಯಾಪ್‌ಶಾಟ್ ಇದೆ, ಬ್ಯಾಕಪ್ ಯಾಕೆ ಎನ್ನುವವರಿದ್ದಾರೆ. ಸ್ವಾಮಿ, ಅದು ಇರುವುದೂ ಅದೇ ಪೂಲಿನಲ್ಲಿ, ಅದೇ ಡಿಸ್ಕಿನಲ್ಲಿ! ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಬೇರೆ ಯಂತ್ರದಲ್ಲಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ನಾವು ಹಾಸಿಗೆಗಿಂತ ಉದ್ದ ಚಾಚಲು ಹೊರಟಿದ್ದೇವೆ. ಚಾಚಿ, ಬೇಡ ಎನ್ನುವುದಿಲ್ಲ. ಆದರೆ ದಿನಕ್ಕೊಮ್ಮೆ ಎಲ್‌ವಿಎಸ್ ಆಜ್ಞೆ ಕೊಟ್ಟು ಡೇಟಾ ಮತ್ತು ಮೆಟಾಡೇಟಾದ ಶೇಕಡಾ ಅಂಕಿ ನೋಡಿ. ಸಂಘದ ಸದಸ್ಯರು ನಂಬಿರುವುದು ಸರ್ವರನ್ನಲ್ಲ, ನಿಮ್ಮನ್ನು. ಇಂದು ಊರಿಗೆ ಹೋದೊಡನೆ ಆ ಎರಡು ಅಂಕಿ ನೋಡಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.