ಸೂಜಿ ಹಾಕಿಸಿದ ಆಕಳ ಹಾಲು



ಹೋದ ತಿಂಗಳು ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಅಜ್ಜಿಯೊಬ್ಬರು ಗಡಿಗೆ ತಂದು ಮುಂದಿಟ್ಟು, “ನೋಡ್ರಿ ಸಾಹೇಬ್ರ, ಎರಡು ದಿನ ಆತು, ಹೆಪ್ಪು ಹಾಕಿದ್ರೂ ಮೊಸರು ಆಗವಲ್ದು. ಯಾರ ಕಣ್ಣು ಬಿತ್ತೋ ಏನೋ” ಅಂದರು. “ಆಕಳಿಗೆ ಏನಾರ ಔಷಧಿ ಮಾಡಿಸೀರೇನವ್ವ?” ಎಂದು ಕೇಳಿದೆ. ಕೆಚ್ಚಲು ಬಾವಿಗೆ ಸೂಜಿ ಹಾಕಿಸಿದ್ದರು. ಬಿದ್ದದ್ದು ಕಣ್ಣಲ್ಲ. ರೋಗದ ಕ್ರಿಮಿ ಕೊಲ್ಲುವ ಔಷಧಿ ಹಾಲಿಗಿಳಿದು ಹೆಪ್ಪಿನ ಕ್ರಿಮಿಗಳನ್ನೂ ಕೊಂದಿತ್ತು.

ಸೂಜಿಯ ಔಷಧಿ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಈಲಿ ಅದನ್ನು ಒಡೆಯುತ್ತದೆ, ಮೂತ್ರಪಿಂಡ ಸೋಸಿ ಗಂಜಲದಲ್ಲಿ ಹೊರಹಾಕುತ್ತದೆ. ಒಂದಷ್ಟು ಸಗಣಿಯಲ್ಲಿ, ಒಂದಷ್ಟು ಹಾಲಿನಲ್ಲಿ ಹೋಗುತ್ತದೆ. ಇದು ಒಂದೇ ದಿನದ ಕೆಲಸವಲ್ಲ. ಬಿಂದಿಗೆ ನೀರಿಗೆ ನೀಲಿ ಹಾಕಿ, ಅರ್ಧ ಚೆಲ್ಲಿ ಹೊಸ ನೀರು ತುಂಬಿರಿ. ಬಣ್ಣ ತೆಳುವಾಗುತ್ತದೆ, ಆದರೆ ಹೋಗುವುದಿಲ್ಲ. ಹಾಗೆ ಎಷ್ಟೋ ಸಲ ಮಾಡಬೇಕು. ಔಷಧಿಯೂ ಹೀಗೇ ಇಳಿಯುತ್ತದೆ.

“ಕಾಸಿದರೆ ಹೋಗಲ್ವೇನ್ರಿ?” ಎಂದು ಕೇಳುವಿರಿ. ಇಲ್ಲ, ಕಾಸಿದರೂ ಬಹುಪಾಲು ಉಳಿಯುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಅಂಥ ಹಾಲಿನಿಂದ ಮೈಮೇಲೆ ದದ್ದು ಏಳಬಹುದು. ದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆ ಸೇರಿದರೆ ಕ್ರಿಮಿಗಳು ಔಷಧಿಗೆ ಪಳಗುತ್ತವೆ. ನಾಳೆ ಕೂಸು ಕಾಯಿಲೆ ಬಿದ್ದಾಗ ಅದೇ ಔಷಧಿ ನಾಟದೆ ಹೋದೀತು.

ಭಾರತ ಸರಕಾರ 2012ರಲ್ಲಿ ಮಾಡಿದ ನಿಯಮದಂತೆ, ಎಷ್ಟು ದಿನ ಹಾಲು ಬಿಡಬೇಕೆಂಬುದನ್ನು ಔಷಧಿಯ ಚೀಟಿಯ ಮೇಲೆ ಅಚ್ಚು ಹಾಕಿರಬೇಕು. ಹಾಕಿಲ್ಲದಿದ್ದರೆ ಹಾಲಿಗೆ ಕಡಿಮೆಯೆಂದರೆ 7 ದಿನ, ಕುರಿ, ಆಡುಗಳ ಮಾಂಸಕ್ಕೆ 28 ದಿನ. ಹಬ್ಬಕ್ಕೆ ಕುರಿ ಮಾರುವವರೂ ಇದನ್ನು ನೆನಪಿಡಿರಿ. ಲೆಕ್ಕ ಶುರುವಾಗುವುದು ಕೊನೆಯ ಸೂಜಿಯಿಂದ, ಮೊದಲನೆಯದರಿಂದಲ್ಲ. ಒಂದೇ ಮೊಲೆಗೆ ಔಷಧಿ ಏರಿಸಿದರೂ ನಾಲ್ಕೂ ಮೊಲೆಗಳ ಹಾಲು ಬಿಡಬೇಕು. ಹಿಂಡುವುದನ್ನು ಮಾತ್ರ ನಿಲ್ಲಿಸಬೇಡಿ. ಹಿಂಡಿ, ಬಾವಿಯಿಂದ ದೂರ ಗುಂಡಿಗೆ ಸುರಿಯಿರಿ. ಮೊಸರು ಹೆಪ್ಪಾಯಿತೆಂದು ಹಾಲು ಚೊಕ್ಕಟವಾಯಿತು ಎನ್ನಬೇಡಿ. ದಿನ ಎಣಿಸಿರಿ.

ಹಾಲು ಚೆಲ್ಲುವುದೆಂದರೆ ಹೊಟ್ಟೆ ಉರಿಯುವ ಮಾತು, ನನಗೆ ಗೊತ್ತು. ವಾರದ ಡೇರಿ ದುಡ್ಡು ತಪ್ಪುತ್ತದೆ. ಆದರೆ ನಿಮ್ಮ ಒಂದು ಚೊಂಬು ಹಾಲು ಡೇರಿಯ ಕ್ಯಾನಿಗೆ ಬಿದ್ದರೆ ಊರಿನ ಹಾಲೆಲ್ಲ ಕೆಟ್ಟಂತೆ. ಆದ್ದರಿಂದ ಪಶುವೈದ್ಯರು ಸೂಜಿ ಹಾಕಿದೊಡನೆ, “ಎಷ್ಟು ದಿನ ಹಾಲು ಬಿಡಬೇಕ್ರಿ?” ಎಂದು ಕೇಳಿರಿ.

ಆ ಅಜ್ಜಿಗೆ ಓದು ಬಾರದು. ಇದ್ದಿಲಿನಿಂದ ಕೊಟ್ಟಿಗೆ ಗೋಡೆಯ ಮೇಲೆ ಏಳು ಗೆರೆ ಎಳೆದರು, ದಿನಕ್ಕೊಂದು ಅಳಿಸಿದರು. ನೀವೂ ಹಾಗೇ ಮಾಡಿರಿ.